ಮೂರನೇ ಸಾಲಿನ ಚೀಲ

ಮೂವತ್ತು ವರ್ಷ ನಾನು ಅಪರಾಧಶಾಸ್ತ್ರ ಪಾಠ ಮಾಡಿದೆ. ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ಆ ಮೂವತ್ತು ವರ್ಷವೂ ನಾನು ಏನು ಕೆಲಸ ಮಾಡುತ್ತೇನೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲವರು ನನ್ನನ್ನು ವಕೀಲನೆಂದುಕೊಂಡಿದ್ದರು, ಕೆಲವರು ಪೊಲೀಸ್ ಇಲಾಖೆಯ ಗುಮಾಸ್ತನೆಂದು. ಎದುರು ಮನೆಯವರು ದೇವಸ್ಥಾನದಲ್ಲಿ ಕಳೆದುಹೋದ ಚಪ್ಪಲಿ ಹುಡುಕಿಕೊಡಲು ಎರಡು ಸಲ ಕರೆದಿದ್ದರು. ಮದುವೆ ಮನೆಗಳಲ್ಲಿ ನನ್ನ ಭಾವಮೈದುನ 'ಇವರು ಕಳ್ಳರ ಬಗ್ಗೆ ತುಂಬ ಓದಿಕೊಂಡಿದಾರೆ' ಎಂದು ಪರಿಚಯ ಮಾಡಿಸುತ್ತಿದ್ದ. ಪಕ್ಕದಲ್ಲಿ ಊಟಕ್ಕೆ ಕೂತವರು ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಿವೃತ್ತನಾದ ಮೇಲೆ, ಒಂದು ಬೇಸಿಗೆಯಲ್ಲಿ, ನನಗೆ ದಿಢೀರನೆ ಬೆಲೆ ಬಂತು. ಊರಿನ ಯಾವುದೋ ಮೂಲೆಯಲ್ಲಿ ಯಾರೋ ಒಂದು ಚೀಲ ಬಿಟ್ಟುಹೋಗಿದ್ದರು. ಟೀವಿಯವರು ಅದರ ಸುತ್ತ ಕೆಂಪು ವೃತ್ತ ಬರೆದು ದಿನವಿಡೀ ತೋರಿಸಿದರು. ಕೊನೆಗೆ ಚೀಲದಲ್ಲಿ ಔಷಧಿ ಕಂಪನಿಯ ಕ್ಯಾಲೆಂಡರುಗಳು ಸಿಕ್ಕವು. ಆ ಸುದ್ದಿಯನ್ನು ಮಾತ್ರ ಅವರು ಒಂದೇ ಸಲ ಹೇಳಿದ್ದರಿಂದ ನಮ್ಮ ರಸ್ತೆಯಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ನಮ್ಮ ರಸ್ತೆಯ ರಾಮನವಮಿ ಸಂಗೀತೋತ್ಸವ ಹತ್ತಿರ ಬಂದಿತ್ತು. ಹನ್ನೆರಡು ಸಂಜೆ ಕಚೇರಿ, ಬಯಲಲ್ಲಿ ಶಾಮಿಯಾನ, ಬಂದವರಿಗೆಲ್ಲ ಪಾನಕ, ಕೋಸಂಬರಿ. ಸಮಿತಿಯ ಕಾರ್ಯದರ್ಶಿ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ಫಾರಂ ಇಲ್ಲದ ಕೆಲಸ ಅವರ ಕಣ್ಣಿಗೆ ಕೆಲಸವೇ ಅಲ್ಲ. ಅವರು ಒಂದು ಬೆಳಿಗ್ಗೆ ಬಂದು, ಕಾಫಿ ಕುಡಿದು, ನನ್ನನ್ನು ಸಮಿತಿಯ ಭದ್ರತಾ ಸಲಹೆಗಾರನನ್ನಾಗಿ ಮಾಡಿದರು.

"ಟೆರರಿಸ್ಟ್‌ಗಳು ನಮ್ಮ ರೋಡಿಗೆ ಬರದೇ ಇರೋ ಹಾಗೆ ಏನಾದ್ರೂ ಮಾಡಿ ಸಾರ್. ನೀವು ಅದೇ ಲೈನಲ್ಲಿದ್ದೋರು" ಎಂದರು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಸಂತೋಷವಾಯಿತು. ಮೂವತ್ತು ವರ್ಷ ಕೊನೆಯ ಬೆಂಚಿನಲ್ಲಿ ಆಕಳಿಸುವವರಿಗೆ ಹೇಳಿದ್ದನ್ನು ಈಗ ಕೇಳಬೇಕೆಂದು ಕೇಳುವ ಇಪ್ಪತ್ತು ಜನ ಸಿಕ್ಕಿದ್ದರು. ಕಾರ್ಯದರ್ಶಿಗಳ ಮನೆಯ ಹಾಲಿನಲ್ಲಿ ಸ್ವಯಂಸೇವಕರನ್ನು ಕೂರಿಸಿಕೊಂಡು ಒಂದೂವರೆ ಗಂಟೆ ಮಾತಾಡಿದೆ. ಅವರೆಲ್ಲ ಬ್ಯಾಂಕು, ಶಾಲೆ, ಸೆಕ್ರೆಟೇರಿಯಟ್ಟುಗಳಿಂದ ನಿವೃತ್ತರಾದವರು. ಕೆಲವರು ನೋಟ್‌ಬುಕ್ ತಂದಿದ್ದರು.

ನಾನು ಹೇಳಿದ್ದು ಇಷ್ಟು. ಭಯೋತ್ಪಾದನೆ ಆಕಾಶದಿಂದ ಇಳಿಯುವ ಪಿಶಾಚಿಯಲ್ಲ, ಅದೂ ಒಂದು ಅಪರಾಧ. ಮನೆಗಳ್ಳ ಚಿಲಕ ಹಾಕದ ಬಾಗಿಲು ಹುಡುಕುವ ಹಾಗೆ ಇದನ್ನು ಮಾಡುವವನಿಗೂ ಜಾಗ ಬೇಕು, ಸಾಮಾನು ಬೇಕು, ಯಾರೂ ವಿಚಾರಿಸದ ಹೊತ್ತು ಬೇಕು. ಅವನ ಮುಖ ಹೇಗಿರಬಹುದೆಂದು ಊಹಿಸುತ್ತಾ ಕೂರುವ ಬದಲು ಆ ಬಾಗಿಲು ಹಾಕಿ. ಮನುಷ್ಯನನ್ನು ನೋಡಬೇಡಿ, ನಡವಳಿಕೆ ನೋಡಿ. ಇಂಥ ಕೃತ್ಯ ಮಾಡುವವರು ತೀರಾ ಅಪರೂಪ, ಹಾಗಾಗಿ ಅನುಮಾನದ ಬಲೆ ದೊಡ್ಡದಾದಷ್ಟೂ ಅದರಲ್ಲಿ ಸಿಕ್ಕಿಬೀಳುವವರು ಏನೂ ಮಾಡದವರೇ. ಕೊನೆಗೆ, ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದ ಮಾತನ್ನೂ ಹೇಳಿದೆ: ಯಾವುದೇ ಜಾಗದಲ್ಲಿ ಹೆಚ್ಚುಕಡಿಮೆಯಾದರೆ ಅದು ಮೊದಲು ಕಾಣುವುದು ಅಲ್ಲಿ ಕೆಲಸ ಮಾಡುವವರಿಗೆ. ಹೂ ಮಾರುವವಳಿಗೆ, ಕುರ್ಚಿ ಜೋಡಿಸುವವನಿಗೆ, ವೈರು ಎಳೆಯುವವನಿಗೆ. ಅವರು ನಿಮ್ಮ ಹತ್ತಿರ ಬಂದು ಹೇಳುವಷ್ಟು ನಂಬಿಕೆ ಉಳಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲರೂ ತಲೆದೂಗಿದರು. ಕಾರ್ಯದರ್ಶಿಗಳು ಎದ್ದು ನಿಂತು, "ತುಂಬಾ ಚೆನ್ನಾಗಿತ್ತು ಸಾರ್. ಇದನ್ನೆಲ್ಲ ಒಂದು ಫಾರಂ ಮಾಡಿಕೊಟ್ಬಿಡಿ" ಎಂದರು.

ಮಾಡಿಕೊಟ್ಟೆ. ಒಂದೇ ಪುಟ, ಐದು ಕಾಲಂ. ಸಮಯ, ಕಂಡದ್ದೇನು, ಎಲ್ಲಿ, ಎಷ್ಟು ಸಲ, ಅನುಮಾನಕ್ಕೆ ಕಾರಣ. ಅದರಲ್ಲಿ ಹೆಸರು ಬರೆಯಲು ಜಾಗವಿರಲಿಲ್ಲ, ಊರು, ಜಾತಿ, ಧರ್ಮ ಯಾವುದಕ್ಕೂ ಇರಲಿಲ್ಲ. ಆ ಖಾಲಿತನ ನನ್ನ ದೊಡ್ಡ ಹೆಮ್ಮೆ. ಪೂರ್ವಗ್ರಹ ಒಳಗೆ ನುಸುಳಲು ಒಂದು ಸಣ್ಣ ಕಿಂಡಿಯನ್ನೂ ಬಿಟ್ಟಿಲ್ಲವೆಂದು ಹೆಂಡತಿಗೆ ಎರಡು ಸಲ ಹೇಳಿದೆ. ಅವಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಎರಡು ಸಲ. ತುಂಬಿದ ಫಾರಂ ಹಾಕಲು ಪಾನಕದ ಮೇಜಿನ ಪಕ್ಕ ಒಂದು ತಗಡಿನ ಡಬ್ಬಿಯನ್ನೂ ಇಡಿಸಿದೆ. ಯಾರು ಬೇಕಾದರೂ ಬರೆದು ಹಾಕಬಹುದು ಎಂದು ಶಾಮಿಯಾನದಲ್ಲಿ ಕೆಲಸ ಮಾಡುವವರಿಗೂ ಫಾರಂ ಹಂಚಿಸಿದೆ.

ಮೊದಲ ದಿನವೇ ಶಾಸ್ತ್ರಕ್ಕೆ ಪೆಟ್ಟು ಬಿತ್ತು. ನಮ್ಮ ಕಡೆಯ ಕಚೇರಿಗಳಲ್ಲಿ ಸೀಟು ಹಿಡಿಯುವ ಪದ್ಧತಿ ನಿಮಗೆ ಗೊತ್ತೇ ಇದೆ. ಕಚೇರಿ ಶುರುವಾಗುವುದು ಸಂಜೆ ಆರಕ್ಕೆ. ಮಧ್ಯಾಹ್ನ ಮೂರಕ್ಕೆಲ್ಲ ಜನ ಬಂದು ಕುರ್ಚಿಯ ಮೇಲೆ ಕರ್ಚೀಫು, ಕೊಡೆ, ಚೀಲ, ಕನ್ನಡಕದ ಡಬ್ಬಿ ಇಟ್ಟು ಮನೆಗೆ ಹೋಗಿ ಮಲಗುತ್ತಾರೆ. ಆ ಕರ್ಚೀಫಿಗೆ ರಿಜಿಸ್ಟರ್ ಆದ ಕ್ರಯಪತ್ರದಷ್ಟು ಬೆಲೆ. ಸ್ವಯಂಸೇವಕರು ನನ್ನ ಫಾರಂ ಹಿಡಿದು ವಾರಸುದಾರರಿಲ್ಲದ ಚೀಲಗಳನ್ನು ಬರೆದುಕೊಳ್ಳಲು ಹೊರಟರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಫಾರಂಗಳು ಖಾಲಿಯಾದವು. ಬರೆದುಕೊಂಡ ಚೀಲಗಳಲ್ಲಿ ಒಂದು ಕಾರ್ಯದರ್ಶಿಗಳ ಅತ್ತಿಗೆಯದು.

ಸಮಿತಿ ತುರ್ತಾಗಿ ಸೇರಿತು. ಸೀಟು ಹಿಡಿಯುವುದನ್ನೇ ನಿಲ್ಲಿಸಿ ಎಂದು ನಾನು ಹೇಳಿದೆ. ಬಾಗಿಲು ಹಾಕುವುದು ಅಂದರೆ ಅದೇ ಅಲ್ಲವೇ? ಮನೆಯಲ್ಲಿ ಸಾವಾಗಿದೆ ಎಂದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಅರ್ಧ ಗಂಟೆ ಚರ್ಚೆಯಾಗಿ ನಿರ್ಣಯವೊಂದು ಪಾಸಾಯಿತು: 'ನಮ್ಮವರ ಚೀಲಗಳಿಗೆ ಈ ನಿಯಮದಿಂದ ವಿನಾಯಿತಿ.' ನಮ್ಮವರು ಅಂದರೆ ಯಾರು ಎಂದು ಕೇಳಿದೆ. ಅದು ನೋಡಿದರೆ ಗೊತ್ತಾಗುತ್ತೆ ಬಿಡಿ ಸಾರ್ ಎಂದರು. ನಾನು ಬಿಟ್ಟೆ. ಮಾರನೆಯ ದಿನದಿಂದ ನಾನೂ ಮೂರನೇ ಸಾಲಿನಲ್ಲಿ ಚೀಲ ಇಡತೊಡಗಿದೆ. ಇಡದಿದ್ದರೆ ಸೀಟು ಎಲ್ಲಿ ಸಿಗುತ್ತದೆ?

ನಮ್ಮವರನ್ನೆಲ್ಲ ತೆಗೆದ ಮೇಲೆ ಫಾರಂಗೆ ಉಳಿದವನು ಒಬ್ಬನೇ, ಮೈಕಿನವನು.

ಬಿನ್ನಿಪೇಟೆಯಲ್ಲಿ ಅವನದೊಂದು ಸಣ್ಣ ಅಂಗಡಿ. ಹನ್ನೊಂದು ವರ್ಷದಿಂದ ನಮ್ಮ ಉತ್ಸವಕ್ಕೆ ಮೈಕು ಹಾಕುವವನು ಅವನೇ. ನಮ್ಮಲ್ಲಿ ಮುಗಿಸಿ ಬಸವನಗುಡಿ, ಚಾಮರಾಜಪೇಟೆಯ ಉತ್ಸವಗಳಿಗೆ ಹೋಗುತ್ತಾನೆ. ರಾಮನವಮಿಯ ಈ ಒಂದೂವರೆ ತಿಂಗಳೇ ಅವನಿಗೆ ಸುಗ್ಗಿ. ತೆಳ್ಳಗಿನ ಆಳು, ನಲವತ್ತರ ವಯಸ್ಸು, ಕತ್ತರಿಸಿದ ಗಡ್ಡ. ತಂಬೂರಿಯ ಶ್ರುತಿ ಕೂದಲೆಳೆ ಇಳಿದರೂ ಗಾಯಕರಿಗಿಂತ ಮೊದಲು ಇವನ ಹುಬ್ಬು ಗಂಟಾಗುತ್ತದೆ. ನನ್ನ ಹೆಂಡತಿಯ ಕಿವಿಯ ಮಿಷನ್ನು ಶಾಮಿಯಾನದಲ್ಲಿ ಫ್ಯಾನಿನ ಸದ್ದು, ಕೆಮ್ಮು, ಕಡಲೆಕಾಯಿಯ ಪೊಟ್ಟಣ ಎಲ್ಲವನ್ನೂ ಹಿಡಿದು ಹಾಡನ್ನು ಮಾತ್ರ ಬಿಡುತ್ತದೆ. ಅದನ್ನು ತಿಳಿದು ಅವನು ಐದು ವರ್ಷದಿಂದ, ನಾವು ಕೇಳದೆಯೇ, ಮೂರನೇ ಸಾಲಿನ ಅವಳ ಕುರ್ಚಿಯ ಕೆಳಗೆ ಒಂದು ಪುಟ್ಟ ಸ್ಪೀಕರ್ ಇಡುತ್ತಿದ್ದ. "ಅಮ್ಮ, ಕೇಳಿಸ್ತಾ?" ಎಂದು ಸನ್ನೆ ಮಾಡುತ್ತಿದ್ದ. ಅವಳು ಕೈಯೆತ್ತಿದ ಮೇಲೆಯೇ ಕಚೇರಿ ಶುರು.

ಇಂಥವನು ನನ್ನ ಫಾರಂನಲ್ಲಿ ಹೇಗೆ ಕಾಣುತ್ತಾನೆ ನೋಡಿ. ಎಲ್ಲರಿಗಿಂತ ಮೊದಲು ಬರುತ್ತಾನೆ. ವೇದಿಕೆಯ ಹಿಂದೆ ಮುಂದೆ ಸುಳಿದಾಡುತ್ತಾನೆ. ಬಾಗಿಲುಗಳ ಫೋಟೋ ತೆಗೆಯುತ್ತಾನೆ, ಸ್ಪೀಕರ್ ಎಲ್ಲಿಟ್ಟಿದ್ದೆನೆಂದು ಮರೆಯದಿರಲು. ಚೀಲದಲ್ಲಿ ವೈರು, ಬ್ಯಾಟರಿ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಎಲ್ಲಿಗೋ ಹೋಗಿ ಬಂದ. ಎಲ್ಲಿಗೆ ಎಂದು ಸ್ವಯಂಸೇವಕರಿಗೆಲ್ಲ ಗೊತ್ತಿತ್ತು, ಆದರೂ 'ಎಲ್ಲಿಗೋ' ಎಂದೇ ಬರೆದರು. ಫಾರಂಗಳನ್ನು ಡಬ್ಬಿಗೆ ಹಾಕುವಷ್ಟು ತಾಳ್ಮೆ ಅವರಿಗಿರಲಿಲ್ಲ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಬಿಡುತ್ತಿದ್ದರು. ಮೂರು ದಿನದಲ್ಲಿ ಅವನೊಬ್ಬನ ಮೇಲೆಯೇ ಹದಿನಾಲ್ಕು ಫಾರಂ.

ಇದು ತಪ್ಪು ಎಂದು ನಾನು ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ನೊಂದುಕೊಂಡರು.

"ಅವ್ನು ಯಾರು ಅಂತ ನಾವು ನೋಡ್ತಾನೇ ಇಲ್ಲ ಸಾರ್. ನಡವಳಿಕೆ ಮಾತ್ರ ನೋಡ್ತಿದೀವಿ. ನಿಮ್ಮ ಫಾರಂ ಪ್ರಕಾರವೇ ಹೋಗ್ತಿರೋದು."

ಪೂರ್ವಗ್ರಹಕ್ಕೆ ಕಿಂಡಿ ಬಿಟ್ಟಿರಲಿಲ್ಲ ಅಂದೆನಲ್ಲ, ಹೆಬ್ಬಾಗಿಲನ್ನೇ ಬಿಟ್ಟಿದ್ದೆ. ಮೇಲೆ ನನ್ನ ಸಹಿ ಬೇರೆ. ಉತ್ಸವ ಮುಗಿಯುವವರೆಗೆ ತಡೆದುಕೊಂಡರೆ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡು ಮನೆಗೆ ಬಂದೆ.

ನಾಲ್ಕನೆಯ ದಿನ ಶನಿವಾರ. ಮಧ್ಯಾಹ್ನ ಮೂರಕ್ಕೆ ಹೋಗಿ ಮೂರನೇ ಸಾಲಿನ ಎರಡು ಕುರ್ಚಿಗಳ ನಡುವೆ, ನೆಲದ ಮೇಲೆ, ಚೀಲ ಇಟ್ಟು ಬಂದೆ. ಒಳಗೆ ನನ್ನ ಮಫ್ಲರು, ಹೆಂಡತಿಯ ಬಿಸಿನೀರಿನ ಫ್ಲಾಸ್ಕು, ಕಿವಿಯ ಮಿಷನ್ನಿನ ಬ್ಯಾಟರಿ. ಮನೆಗೆ ಬಂದು ಮಲಗಿದೆ. ಐದೂವರೆಗೆ ಇಬ್ಬರೂ ಹೊರಟು ಬಂದಾಗ ಶಾಮಿಯಾನ ಖಾಲಿಯಾಗಿತ್ತು. ಜನವೆಲ್ಲ ರಸ್ತೆಯಲ್ಲಿ. ಅಡ್ಡ ಹಗ್ಗ ಕಟ್ಟಿದ್ದರು. ಪೊಲೀಸರು ಬಂದಿದ್ದರು, ಬಾಂಬ್ ಪತ್ತೆ ತಂಡ ದಾರಿಯಲ್ಲಿದೆ ಎಂದು ಯಾರೋ ಹೇಳಿದರು. ಪಾನಕದ ಮೇಜಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೈಕಿನವನು ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದ. ಅವನ ಫೋನು ಕಾರ್ಯದರ್ಶಿಗಳ ಕೈಯಲ್ಲಿತ್ತು.

"ಮೂರನೇ ಸಾಲಲ್ಲಿ ಬ್ಯಾಗು ಸಾರ್" ಎಂದು ಒಬ್ಬ ಸ್ವಯಂಸೇವಕ ನನಗೆ ವರದಿ ಒಪ್ಪಿಸಿದ. "ಕೆಳಗಿಂದ ವೈರ್ ಹೋಗಿದೆ. ಇವ್ನೇ ಅಲ್ಲಿ ಬಗ್ಗಿ ಏನೋ ಇಡ್ತಿದ್ದಿದ್ದನ್ನ ಇಬ್ರು ನೋಡಿದಾರೆ. ಕೇಳಿದ್ರೆ ಅದು ಪ್ರೊಫೆಸರ್ ಬ್ಯಾಗು ಅಂತಾನೆ. ನೋಡಿ ಸಾರ್ ಧೈರ್ಯ, ನಿಮ್ಮ ಮೇಲೇ ಹಾಕ್ತಿದಾನೆ."

ಆ ಕ್ಷಣದಲ್ಲಿ ನಾನು 'ಹೌದು, ನನ್ನದೇ' ಅನ್ನಬೇಕಿತ್ತು. ಎರಡು ಪದ. ಆದರೆ ಭದ್ರತಾ ಸಲಹೆಗಾರನೇ ವಾರಸುದಾರನಿಲ್ಲದ ಚೀಲ ಬಿಟ್ಟುಹೋದನೆಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ತಂಡ ಬರಲಿ, ಬಿಚ್ಚಿ ನೋಡಲಿ, ಮಫ್ಲರು ಸಿಗುತ್ತದೆ, ತಾನೇ ತಾನಾಗಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ. ತಪ್ಪಿತಸ್ಥರು ಮೊದಲು ಮಾಡುವುದೇ ಈ ಲೆಕ್ಕ, ನಾನೇ ಅದನ್ನು ಪಾಠ ಮಾಡಿದ್ದೆ. ಹೆಂಡತಿ "ಏನಂತೆ?" ಎಂದು ಕೇಳಿದಳು. "ಯಾರೋ ಬ್ಯಾಗ್ ಬಿಟ್ಟು ಹೋಗಿದಾರಂತೆ" ಎಂದೆ. ಯಾರೋ!

ಇಪ್ಪತ್ತು ನಿಮಿಷ ಹಾಗೇ ನಿಂತಿದ್ದೆ. ಒಮ್ಮೆ ಮೈಕಿನವನು ತಲೆಯೆತ್ತಿ ಜನರ ನಡುವೆ ನನ್ನನ್ನು ಕಂಡ. ಅವನ ಮುಖ ಸಡಿಲವಾಯಿತು, ಇನ್ನು ಮುಗಿಯಿತು ಎಂಬ ಹಾಗೆ. ನಾನು ಮುಂದಿದ್ದವರ ಬೆನ್ನ ಹಿಂದೆ ಸರಿದುಕೊಂಡೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಕೊನೆಗೆ ಹೆಂಡತಿಗೆ ಜನರ ಸಂದಿಯಲ್ಲಿ ತನ್ನ ಫ್ಲಾಸ್ಕಿನ ಹಸಿರು ಮುಚ್ಚಳ ಕಂಡಿತು. ಅವಳು ಯಾರನ್ನೂ ಕೇಳಲಿಲ್ಲ. ಹಗ್ಗ ಎತ್ತಿ ಒಳಗೆ ನಡೆದುಬಿಟ್ಟಳು. ಪೊಲೀಸಿನವರು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಕಿವಿ ಕೇಳದವರ ದೊಡ್ಡ ಧ್ವನಿಯಲ್ಲಿ, "ಇದು ನಮ್ಮನೇದು. ಮೂರು ಗಂಟೆಗೆ ನಮ್ಮೆಜಮಾನ್ರೇ ಇಟ್ಟು ಬಂದಿದ್ದು" ಎಂದಳು. ಇಡೀ ರಸ್ತೆಗೆ ಕೇಳಿಸಿತು. ಚೀಲದಿಂದ ಫ್ಲಾಸ್ಕು ತೆಗೆದು, ಲೋಟಕ್ಕೆ ನೀರು ಬಗ್ಗಿಸಿ, ಮೈಕಿನವನ ಹತ್ತಿರ ಹೋಗಿ ಅವನ ಕೈಗೆ ಕೊಟ್ಟಳು.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮಾನ ಹೋಯಿತು ಎಂದುಕೊಂಡೆ. ನಮ್ಮ ಸಮಿತಿಯ ಶಕ್ತಿ ನನಗೆ ಗೊತ್ತಿರಲಿಲ್ಲ. ಕಾರ್ಯದರ್ಶಿಗಳು ಎರಡೇ ನಿಮಿಷದಲ್ಲಿ ವೇದಿಕೆ ಹತ್ತಿದರು. ಮೈಕು ಸತ್ತಿತ್ತು. ಮೈಕಿನವನನ್ನೇ ಎಬ್ಬಿಸಿ ಕರೆಸಿ ಹಾಕಿಸಿಕೊಂಡರು. ಆಮೇಲೆ ಘೋಷಿಸಿದರು: ಇದು ನಮ್ಮ ಭದ್ರತಾ ಸಲಹೆಗಾರರು ಬೇಕೆಂದೇ ಇಟ್ಟ ಪರೀಕ್ಷೆ, ನಮ್ಮ ಸ್ವಯಂಸೇವಕರು ಅದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಾರೆ. ಪೊಲೀಸರು, ಇನ್ನೊಂದು ಸಲ ಹೀಗೆ ಮಾಡುವ ಮುಂಚೆ ನಮಗೆ ತಿಳಿಸಿ ಎಂದು ಗದರಿ ಹೊರಟರು. ಜನ ಚಪ್ಪಾಳೆ ಹೊಡೆದರು. ನಾನು ಕೈ ಮುಗಿದೆ. ಅಂದರೆ, ಒಪ್ಪಿಕೊಂಡೆ.

ಅಂದಿನ ಕಚೇರಿ ತಡವಾಗಿ ಶುರುವಾಯಿತು. ಶುರುವಾಗುವ ಮುಂಚೆ ಮೈಕಿನವನು ಪುಟ್ಟ ಸ್ಪೀಕರನ್ನು ಒರೆಸಿ ಅವಳ ಕುರ್ಚಿಯ ಕೆಳಗೆ ಇಟ್ಟು, ದೂರದಿಂದ ಸನ್ನೆ ಮಾಡಿ ಕೇಳಿದ. ಅವಳು ಕೈಯೆತ್ತಿದಳು. ನನ್ನ ಕಡೆ ಅವನು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಸಮಿತಿ ಅವನನ್ನು ಕೆಲಸದಿಂದ ಬಿಡಿಸಿತು. ಪರೀಕ್ಷೆಯೇ ಆಗಿದ್ದರೆ ಅವನದೇನು ತಪ್ಪು ಎಂದು ಕೇಳಿದೆ. "ತಪ್ಪೇನಿಲ್ಲ ಸಾರ್, ಮುಂಜಾಗ್ರತೆ ಅಷ್ಟೆ. ಅಷ್ಟೊಂದು ಫಾರಂ ಬಂದಿವೆ, ರೆಕಾರ್ಡ್ ಆಗ್ಬಿಟ್ಟಿದೆ" ಎಂದರು. ನಾನು ಪ್ರತಿಭಟಿಸಿದೆ. ಹೇಗೆ ಅಂತೀರಿ? ಅಪರೂಪದ ಅಪರಾಧಗಳಲ್ಲಿ ತಪ್ಪು ಗುರುತಿಸುವಿಕೆಯ ಅಪಾಯಗಳು ಎಂಬ ವಿಷಯದ ಮೇಲೆ ನಾಲ್ಕು ಪುಟದ ಟಿಪ್ಪಣಿ ಬರೆದೆ. ಅಡಿಟಿಪ್ಪಣಿಗಳೂ ಇದ್ದವು. ಚೀಲ ನಾನು ಸೀಟು ಹಿಡಿಯಲು ಇಟ್ಟದ್ದು, ಪರೀಕ್ಷೆಯಲ್ಲ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಕಾರ್ಯದರ್ಶಿಗಳು ಅದನ್ನು ಪಂಚ್ ಮಾಡಿ ಫೈಲಿಗೆ ಸೇರಿಸಿದರು. ಉತ್ಸವ ಸಮಿತಿಗಳಿಗೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪಿದೆ. ಬಸವನಗುಡಿಯವರು ಮಧ್ಯಾಹ್ನದೊಳಗೆ ಬೇರೆ ಮೈಕು ಗೊತ್ತು ಮಾಡಿಕೊಂಡರು, ಚಾಮರಾಜಪೇಟೆಯವರು ಸಂಜೆಯೊಳಗೆ.

ಹೊಸ ಮೈಕಿನವನಿಗೆ ಭಜನೆಯೂ ಒಂದೇ, ರಾಜಕೀಯ ಭಾಷಣವೂ ಒಂದೇ. ಉಳಿದ ಸಂಜೆಗಳೆಲ್ಲ ಮೃದಂಗ ಗುಡುಗಿತು, ವೀಣೆ ಮೂಕವಾಯಿತು. ಹೆಂಡತಿ ಮೂರನೇ ಸಾಲಿನಲ್ಲಿ ಗಾಯಕರ ಬಾಯಿ ನೋಡುತ್ತಾ ಕೂರುತ್ತಿದ್ದಳು. ಎರಡು ದಿನದ ಮೇಲೆ ಬರುವುದನ್ನೇ ಬಿಟ್ಟಳು.

ಕೊನೆಯ ದಿನ ಬೆಳಿಗ್ಗೆ ಸಮಾರೋಪಕ್ಕೆ ಶಾಮಿಯಾನ ಸಜ್ಜು ಮಾಡುವಾಗ ಪಾನಕದ ಮೇಜಿನ ಪಕ್ಕದ ತಗಡಿನ ಡಬ್ಬಿ ಕಣ್ಣಿಗೆ ಬಿತ್ತು. ಹನ್ನೆರಡು ದಿನ ಯಾರೂ ಅದನ್ನು ತೆಗೆದಿರಲಿಲ್ಲ. ನಾನೂ ತೆಗೆದಿರಲಿಲ್ಲ. ಒಳಗೆ ಒಂದೇ ಒಂದು ಫಾರಂ. ಅಕ್ಷರ ದುಂಡಗೆ, ಐದು ಕಾಲಂ ಪೂರ್ತಿ ತುಂಬಿತ್ತು.

ಸಮಯ: ಶನಿವಾರ, ಮೂರು ಗಂಟೆ ಹತ್ತು ನಿಮಿಷ. ಕಂಡದ್ದೇನು: ಬೂದು ಬಣ್ಣದ ಬ್ಯಾಗು, ಒಳಗೆ ಫ್ಲಾಸ್ಕು, ಪ್ರೊಫೆಸರ್ ಸಾರ್ ಇಟ್ಟು ಹೋದರು. ಎಲ್ಲಿ: ಮೂರನೇ ಸಾಲು, ಅಮ್ಮನ ಕುರ್ಚಿ ಹತ್ತಿರ. ಎಷ್ಟು ಸಲ: ದಿನಾ. ಅನುಮಾನಕ್ಕೆ ಕಾರಣ: ಇಲ್ಲ. ಗೊತ್ತಿರುವವರು.

ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಇಡೀ ಉತ್ಸವದಲ್ಲಿ ನನ್ನ ಪಾಠವನ್ನು ಸರಿಯಾಗಿ ಕಲಿತವನು ಒಬ್ಬನೇ. ಅವನು ಆ ಪಾಠಕ್ಕೆ ಬಂದಿರಲೂ ಇಲ್ಲ.

ಸಂಜೆ ಸಮಾರೋಪದಲ್ಲಿ ನನಗೆ ಸನ್ಮಾನವಿತ್ತು. ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಹೆಂಡತಿಯನ್ನು ಬಲವಂತ ಮಾಡಿ ಕರೆದುಕೊಂಡು ಹೋಗಿದ್ದೆ. ಎರಡು ಮಾತು ಆಡಿ ಎಂದರು. ನಾನು ಪೇಟ ತೆಗೆದು ಪಕ್ಕಕ್ಕಿಟ್ಟು ಆ ಫಾರಂ ಓದಿದೆ. ಅದು ಪರೀಕ್ಷೆಯಲ್ಲ, ಸೀಟು ಹಿಡಿಯಲು ನಾನೇ ಇಟ್ಟ ಚೀಲ, ಗೊತ್ತಿದ್ದೂ ಇಪ್ಪತ್ತು ನಿಮಿಷ ಸುಮ್ಮನಿದ್ದೆ ಎಂದೆ. ಮೊದಲ ವಾಕ್ಯಕ್ಕೇ ಹೊಸ ಮೈಕು ಕೀರಲು ಹಿಡಿಯಿತು. ಜನ ಕಿವಿ ಮುಚ್ಚಿಕೊಂಡರು. ನಾನು ನಿಲ್ಲಿಸದೆ ಓದಿದೆ. ಮುಗಿದದ್ದು ಕಂಡು ಎಲ್ಲರೂ ಚಪ್ಪಾಳೆ ಹೊಡೆದರು. ಕಾರ್ಯದರ್ಶಿಗಳು ಮಾತ್ರ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡಿದ್ದರು. ಮೈಕು ಇಸಿದುಕೊಂಡು, "ನೋಡಿ, ನಮ್ಮ ಸಾರ್‌ದು ಎಂಥ ವಿನಯ" ಎಂದರು. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ, "ಏನ್ ಓದಿದ್ರಿ? ಒಂದಕ್ಷರ ಕೇಳಿಸ್ಲಿಲ್ಲ" ಎಂದಳು. ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಅವಳು ರಸ್ತೆಯ ಮಧ್ಯದಲ್ಲೇ ನಿಂತಳು.

"ಅವ್ನಿಗೆ ಹೇಳಿದ್ರಾ?"

"ಇಲ್ಲ."

"ಮತ್ಯಾರಿಗೆ ಹೇಳ್ದಂಗಾಯ್ತು?"

ಮಾರನೆಯ ದಿನ ಬಿನ್ನಿಪೇಟೆಗೆ ಹೋದೆ. ಚೀಲ ನನ್ನದು, ತಪ್ಪು ನನ್ನದು ಎಂದು ಅಡಿಟಿಪ್ಪಣಿಯಿಲ್ಲದೆ ಒಂದೇ ಪುಟದಲ್ಲಿ ಬರೆದು, ಪ್ರತಿ ಸಮಿತಿಗೆ ಒಂದರಂತೆ ಪ್ರತಿ ಮಾಡಿಸಿ, ಸಹಿ ಹಾಕಿ ಇಟ್ಟುಕೊಂಡಿದ್ದೆ. ಅಂಗಡಿಯೊಳಗೆ ಸ್ಪೀಕರುಗಳು ಟಾರ್ಪಾಲು ಹೊದ್ದು ಗೋಡೆಯ ಉದ್ದಕ್ಕೂ ನಿಂತಿದ್ದವು, ಈ ತಿಂಗಳು ಊರಿನ ಒಂದೊಂದು ಶಾಮಿಯಾನದಲ್ಲಿರಬೇಕಾದವು. ಅವನು ಸ್ಟೂಲಿನ ಮೇಲೆ ಕೂತು ಯಾರದೋ ಮಿಕ್ಸಿ ಬಿಚ್ಚುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಸ್ಟೂಲನ್ನು ಬಟ್ಟೆಯಿಂದ ಒರೆಸಿ ನನ್ನ ಕಡೆ ಸರಿಸಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರು ಮಾಡಲು ನಾನು ಕಾಗದಗಳನ್ನು ಹೊರಗೆ ತೆಗೆದೆ.

ಅಷ್ಟರಲ್ಲಿ ಅವನೇ ಕೇಳಿದ.

"ಅಮ್ಮನಿಗೆ ಆಮೇಲೆ ಕಚೇರಿ ಕೇಳಿಸ್ತಾ ಸಾರ್?"

"ಇಲ್ಲ" ಎಂದೆ.